ಮನುಷ್ಯನಿಲ್ಲದ ಹೊತ್ತಿನ ಲಾಗಿನ್

ದೂರದ ಕಂಪ್ಯೂಟರಿಗೆ ಲಾಗಿನ್ ಆಗುವುದು ಕಂಪ್ಯೂಟರ್ ಜಾಲದಷ್ಟೇ ಹಳೆಯ ಕೆಲಸ. 1969ರ ಅಕ್ಟೋಬರ್ 29ರ ರಾತ್ರಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಅರ್ಪಾನೆಟ್ ಮೂಲಕ ಹೋದ ಮೊಟ್ಟಮೊದಲ ಸಂದೇಶ ಲಾಗಿನ್ ಎಂಬ ಪದದ ಮೊದಲೆರಡು ಅಕ್ಷರ. ಅಷ್ಟು ತಲುಪುವಷ್ಟರಲ್ಲಿ ಆಚೆ ಕಡೆಯ ಯಂತ್ರ ಕೈಕೊಟ್ಟಿತು. ಸುಮಾರು ಒಂದು ಗಂಟೆಯ ನಂತರ ಲಾಗಿನ್ ಪೂರ್ತಿಯಾಯಿತು. ಆ ರಾತ್ರಿ ಎರಡೂ ತುದಿಯಲ್ಲಿ ಮನುಷ್ಯರು ಎಚ್ಚರವಾಗಿದ್ದರು, ಟೆಲಿಫೋನಿನಲ್ಲಿ ಒಬ್ಬರಿಗೊಬ್ಬರು ಮಾತಾಡುತ್ತಿದ್ದರು. ಮುಂದೆ ಟೆಲ್‌ನೆಟ್ ಎಂಬ ನಿಯಮಾವಳಿ ರೂಪುಗೊಂಡಾಗಲೂ ಅದರ ಕಲ್ಪನೆಯಲ್ಲಿದ್ದವನು ಮನುಷ್ಯನೇ: ಟರ್ಮಿನಲ್ ಮುಂದೆ ಕುಳಿತು ಹೆಸರು ಒತ್ತಿ, ಪಾಸ್‌ವರ್ಡ್ ಒತ್ತಿ ಒಳಹೋಗುವವನು.

ಯಂತ್ರವೇ ಇನ್ನೊಂದು ಯಂತ್ರಕ್ಕೆ ಲಾಗಿನ್ ಆಗಬೇಕಾದಾಗ ಕಷ್ಟ ಶುರುವಾಗುತ್ತದೆ. ನಡುರಾತ್ರಿ ಎರಡು ಗಂಟೆಗೆ ಬ್ಯಾಕಪ್ ತೆಗೆಯಬೇಕು, ದಿನದ ಲೆಕ್ಕದ ಕಡತ ಇನ್ನೊಂದು ಊರಿನ ಸರ್ವರಿಗೆ ಹೋಗಬೇಕು, ನೂರು ಯಂತ್ರಗಳಿಗೆ ಒಂದೇ ಬದಲಾವಣೆ ಮುಟ್ಟಬೇಕು. ಆ ಹೊತ್ತಿಗೆ ಪಾಸ್‌ವರ್ಡ್ ಒತ್ತಲು ಯಾರೂ ಇರುವುದಿಲ್ಲ. ಮನುಷ್ಯ ಗುಟ್ಟನ್ನು ತಲೆಯಲ್ಲಿಟ್ಟುಕೊಳ್ಳುತ್ತಾನೆ. ಯಂತ್ರ ಅದನ್ನು ಕಡತದಲ್ಲಿ ಇಡಬೇಕು. ಕಡತವನ್ನು ಓದಬಲ್ಲವರು ಯಾರೇ ಆಗಲಿ, ಆಚೆಯ ಯಂತ್ರದ ಕಣ್ಣಿಗೆ ಅವರೂ ಆ ಯಂತ್ರವೇ. ಈ ತೊಡಕಿಗೆ ನಾಲ್ಕು ದಶಕಗಳಲ್ಲಿ ಹಲವು ಉತ್ತರಗಳು ಬಂದವು. ಪ್ರತಿಯೊಂದು ಉತ್ತರವೂ ನಂಬಿಕೆಯನ್ನು ಒಂದು ಜಾಗದಿಂದ ತೆಗೆದು ಇನ್ನೊಂದು ಜಾಗದಲ್ಲಿ ಇಟ್ಟಿತು, ಇಟ್ಟ ಜಾಗದಲ್ಲೇ ಹೊಸ ಬಿರುಕು ಕಾಣಿಸಿಕೊಂಡಿತು.

ಮೊದಲ ಜನಪ್ರಿಯ ಉತ್ತರ ಬಂದದ್ದು ಬರ್ಕ್ಲಿಯಿಂದ. ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಯುನಿಕ್ಸ್ ತಂಡ 1983ರಲ್ಲಿ ಹೊರತಂದ 4.2 ಬಿಎಸ್‌ಡಿ ಆವೃತ್ತಿಯಲ್ಲಿ ಇಂಟರ್ನೆಟ್ಟಿನ ನಿಯಮಾವಳಿಗಳ ಜೊತೆಗೆ ಮೂರು ಪುಟ್ಟ ಆಜ್ಞೆಗಳಿದ್ದವು. ದೂರದ ಯಂತ್ರಕ್ಕೆ ಹೋಗಲು ಆರ್‌ಲಾಗಿನ್, ಅಲ್ಲಿ ಒಂದೇ ಒಂದು ಆಜ್ಞೆ ಓಡಿಸಲು ಆರ್‌ಎಸ್‌ಎಚ್, ಕಡತ ನಕಲು ಮಾಡಲು ಆರ್‌ಸಿಪಿ. ಇವುಗಳ ಸೊಗಸು ಪಾಸ್‌ವರ್ಡ್ ಕೇಳದಿರುವುದರಲ್ಲಿತ್ತು. ಬಳಕೆದಾರ ತನ್ನ ಮನೆ ಡೈರೆಕ್ಟರಿಯಲ್ಲಿ ಆರ್‌ಹೋಸ್ಟ್ಸ್ ಎಂಬ ಕಡತವಿಟ್ಟು, ಇಂಥ ಯಂತ್ರದಿಂದ ಇಂಥ ಹೆಸರಿನವರು ಬಂದರೆ ಕೇಳದೆ ಒಳಬಿಡು ಎಂದು ಬರೆದರೆ ಸಾಕು. ಇಡೀ ಯಂತ್ರಕ್ಕೆ ಅನ್ವಯಿಸುವಂತೆ ಬರೆಯಲು ಹೋಸ್ಟ್ಸ್ ಈಕ್ವಿವ್ ಎಂಬ ಮತ್ತೊಂದು ಕಡತವಿತ್ತು. ಒಂದು ಯಂತ್ರದ ಡಿಸ್ಕನ್ನು ಇನ್ನೊಂದು ಯಂತ್ರದ ಟೇಪಿಗೆ ಇಳಿಸುವ ಆರ್‌ಡಂಪ್ ಕೂಡ ಇದೇ ವ್ಯವಸ್ಥೆಯ ಮೇಲೆ ನಡೆಯುತ್ತಿತ್ತು. ಯಾರ ಕೈಯೂ ತಾಗದೆ ರಾತ್ರಿ ನಡೆಯುವ ಬ್ಯಾಕಪ್ ಹೀಗೆ ವಿಶ್ವವಿದ್ಯಾಲಯಗಳಲ್ಲಿ ದಿನಚರಿಯಾಯಿತು.

ಈ ಅನುಕೂಲ ನಿಂತದ್ದು ಮೂರು ನಂಬಿಕೆಗಳ ಮೇಲೆ. ಬಂದ ಸಂದೇಶದ ಮೇಲಿರುವ ವಿಳಾಸ ನಿಜವೆಂಬುದು ಮೊದಲನೆಯದು. ಯುನಿಕ್ಸಿನಲ್ಲಿ 1024ಕ್ಕಿಂತ ಕಡಿಮೆ ಸಂಖ್ಯೆಯ ಪೋರ್ಟನ್ನು ರೂಟ್ ಎಂಬ ಆಡಳಿತ ಖಾತೆ ಮಾತ್ರ ತೆರೆಯಬಹುದು, ಆದ್ದರಿಂದ ಅಂಥ ಪೋರ್ಟಿನಿಂದ ಬಂದ ಮಾತಿಗೆ ಆ ಯಂತ್ರದ ಆಡಳಿತಗಾರನೇ ಹೊಣೆಯೆಂಬುದು ಎರಡನೆಯದು. ಆ ಆಡಳಿತಗಾರ ಪ್ರಾಮಾಣಿಕನೆಂಬುದು ಮೂರನೆಯದು. ದೊಡ್ಡ ಯಂತ್ರಗಳನ್ನು ಕೆಲವೇ ಜನ ನೋಡಿಕೊಳ್ಳುತ್ತಿದ್ದ ಕಾಲಕ್ಕೆ ಇದು ಅಷ್ಟೇನೂ ತಪ್ಪಾಗಿರಲಿಲ್ಲ. ಪರ್ಸನಲ್ ಕಂಪ್ಯೂಟರುಗಳು ಅದೇ ಜಾಲಕ್ಕೆ ಸೇರಿದ ಕೂಡಲೇ ಎರಡನೆಯ ನಂಬಿಕೆ ಬಿದ್ದುಹೋಯಿತು; ಅಲ್ಲಿ ಯಂತ್ರದ ಮುಂದೆ ಕುಳಿತವನಿಗೆ ಯಾವ ಪೋರ್ಟೂ ಮುಚ್ಚಿದ್ದಲ್ಲ. ಆರ್‌ಹೋಸ್ಟ್ಸ್ ಕಡತದಲ್ಲಿ ಒಂದು ಅಧಿಕ ಚಿಹ್ನೆ ಬರೆದರೆ ಎಲ್ಲ ಯಂತ್ರಗಳನ್ನೂ ನಂಬು ಎಂದರ್ಥ. ಸನ್ ಕಂಪನಿಯ ಸನ್‌ಓಎಸ್‌ನಲ್ಲಿ ಹೋಸ್ಟ್ಸ್ ಈಕ್ವಿವ್ ಕಡತ ಆ ಚಿಹ್ನೆಯೊಂದಿಗೇ ಗ್ರಾಹಕರ ಕೈ ಸೇರುತ್ತಿತ್ತು. ಹಾಗೆ ಬಂದದ್ದನ್ನು ಅಳಿಸಬೇಕೆಂದು ಎಷ್ಟೋ ಆಡಳಿತಗಾರರಿಗೆ ತೋಚಲೇ ಇಲ್ಲ.

ಮೊದಲ ನಂಬಿಕೆಯ ಪೊಳ್ಳುತನ 1985ರಲ್ಲೇ ಬರಹದಲ್ಲಿ ದಾಖಲಾಯಿತು. ಬೆಲ್ ಲ್ಯಾಬ್ಸ್‌ನಲ್ಲಿದ್ದ ರಾಬರ್ಟ್ ಟಿ. ಮಾರಿಸ್ ಎಂಬ ವಿದ್ಯಾರ್ಥಿ ಬರೆದ ಕಿರು ವರದಿ ಅದು. ಟಿಸಿಪಿ ಸಂಪರ್ಕ ಆರಂಭವಾಗುವಾಗ ಎರಡೂ ಕಡೆಯ ಯಂತ್ರಗಳು ಒಂದೊಂದು ಕ್ರಮಸಂಖ್ಯೆಯನ್ನು ಆರಿಸಿಕೊಂಡು ಪರಸ್ಪರ ತಿಳಿಸುತ್ತವೆ, ಆಮೇಲಿನ ಪ್ರತಿ ತುಣುಕೂ ಆ ಸಂಖ್ಯೆಗೆ ಹೊಂದಿಕೊಂಡಿರಬೇಕು. 4.2 ಬಿಎಸ್‌ಡಿಯಲ್ಲಿ ಈ ಸಂಖ್ಯೆ ಸೆಕೆಂಡಿಗೆ 128ರಂತೆ, ಹೊಸ ಸಂಪರ್ಕವೊಂದಕ್ಕೆ 64ರಂತೆ ಏರುತ್ತಿತ್ತು, ಅಷ್ಟೆ. ಹಾಗಾಗಿ ಮುಂದಿನ ಸಂಖ್ಯೆಯನ್ನು ದೂರದಿಂದಲೇ ಊಹಿಸಬಹುದಿತ್ತು. ಊಹೆ ಸರಿಯಾದರೆ, ಆಚೆಯ ಉತ್ತರ ಕಣ್ಣಿಗೆ ಬೀಳದಿದ್ದರೂ ನಂಬಿಕಸ್ಥ ಯಂತ್ರದ ವಿಳಾಸ ಹಾಕಿ ಸಂದೇಶ ಕಳಿಸಬಹುದು. ಆರ್‌ಎಸ್‌ಎಚ್‌ಗೆ ಉತ್ತರ ಓದುವ ಅಗತ್ಯವೂ ಇಲ್ಲ. ಒಂದು ಆಜ್ಞೆ ಒಳಹೊಕ್ಕರೆ ಮುಗಿಯಿತು. ಲಕೋಟೆಯ ಹಿಂಬದಿಯಲ್ಲಿ ಬರೆದ ವಿಳಾಸವನ್ನೇ ನಂಬಿ ತಿಜೋರಿ ತೆರೆದಂತಿತ್ತು ಇದು.

ಅದೇ ಮಾರಿಸ್ ಹೆಸರು ಮೂರು ವರ್ಷದ ನಂತರ ಜಗತ್ತಿಗೆಲ್ಲ ತಿಳಿಯಿತು, ಬೇರೆ ಕಾರಣಕ್ಕೆ. 1988ರ ನವೆಂಬರ್ 2ರಂದು, ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಆತ ಎಂಐಟಿಯ ಯಂತ್ರವೊಂದರಿಂದ ಬಿಟ್ಟ ಪ್ರೋಗ್ರಾಮ್ ತನ್ನಷ್ಟಕ್ಕೆ ತಾನು ಹರಡತೊಡಗಿತು. ಮೇಲ್ ಕಳಿಸುವ ಸೆಂಡ್‌ಮೇಲ್‌ನ ಒಂದು ದೋಷ, ಫಿಂಗರ್ ಸೇವೆಯ ಇನ್ನೊಂದು ದೋಷ ಅದರ ಎರಡು ದಾರಿ. ಮೂರನೆಯ ದಾರಿಗೆ ದೋಷವೇ ಬೇಕಿರಲಿಲ್ಲ. ಹುಳುವೆಂದೇ ಹೆಸರಾದ ಈ ಪ್ರೋಗ್ರಾಮ್ ತಾನು ಹೊಕ್ಕ ಯಂತ್ರದಲ್ಲಿ ಆರ್‌ಹೋಸ್ಟ್ಸ್ ಮತ್ತು ಹೋಸ್ಟ್ಸ್ ಈಕ್ವಿವ್ ಕಡತಗಳನ್ನು ಓದಿ ಮುಂದೆ ಯಾವ ಯಂತ್ರಗಳಿಗೆ ಹೋಗಬಹುದೆಂದು ತಿಳಿದುಕೊಳ್ಳುತ್ತಿತ್ತು, 432 ಪದಗಳ ತನ್ನದೇ ಪಟ್ಟಿಯಿಂದ ಪಾಸ್‌ವರ್ಡುಗಳನ್ನು ಊಹಿಸುತ್ತಿತ್ತು, ಆಮೇಲೆ ಆ ಬಳಕೆದಾರನ ವೇಷದಲ್ಲಿ ಮುಂದಿನ ಯಂತ್ರಕ್ಕೆ ದಾಟುತ್ತಿತ್ತು. ಆಡಳಿತಗಾರರು ತಮ್ಮ ಅನುಕೂಲಕ್ಕೆ ಬರೆದಿಟ್ಟ ನಂಬಿಕೆಯ ಪಟ್ಟಿ ಹುಳುವಿಗೆ ದಾರಿಯ ನಕ್ಷೆಯಾಯಿತು. ಆಗ ಇಂಟರ್ನೆಟ್ಟಿನಲ್ಲಿದ್ದ ಸುಮಾರು 60,000 ಯಂತ್ರಗಳಲ್ಲಿ 6,000ದಷ್ಟು ಸೋಂಕಿಗೆ ಸಿಕ್ಕವೆಂಬ ಅಂದಾಜು ಬಹುಕಾಲ ಬಳಕೆಯಲ್ಲಿತ್ತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸರ್ಟ್ ಎಂಬ ತುರ್ತು ಸ್ಪಂದನಾ ಕೇಂದ್ರ ಹುಟ್ಟಿದ್ದು ಈ ಘಟನೆಯ ಬೆನ್ನಿಗೆ.

ಮರು ವರ್ಷ ಬೆಲ್ ಲ್ಯಾಬ್ಸ್‌ನ ಸ್ಟೀವನ್ ಬೆಲೋವಿನ್ ಇಂಟರ್ನೆಟ್ ನಿಯಮಾವಳಿಗಳ ಭದ್ರತಾ ಲೋಪಗಳನ್ನು ವಿವರವಾಗಿ ಬರೆದರು. ಅದರಲ್ಲಿ ಆರ್ ಆಜ್ಞೆಗಳ ವಿಳಾಸಾಧಾರಿತ ನಂಬಿಕೆಯ ವಿಮರ್ಶೆಗೆ ಮುಖ್ಯ ಸ್ಥಾನವಿತ್ತು. ಪರಿಹಾರವೂ ಇರಲಿಲ್ಲವೆಂದಲ್ಲ. ಎಂಐಟಿಯ ಅಥೀನಾ ಯೋಜನೆಯಲ್ಲಿ ರೂಪುಗೊಂಡ ಕರ್ಬರೋಸ್ 1989ರ ಹೊತ್ತಿಗೆ ಹೊರಗಿನವರಿಗೂ ದೊರೆಯಿತು. ಅದರಲ್ಲಿ ಪಾಸ್‌ವರ್ಡ್ ಜಾಲದ ಮೇಲೆ ಹೋಗುವುದೇ ಇಲ್ಲ. ಎಲ್ಲರ ಗುಟ್ಟನ್ನೂ ಬಲ್ಲ ಒಂದು ಕೇಂದ್ರ ಸರ್ವರ್ ಅಲ್ಪಾವಧಿಯ ಟಿಕೆಟ್ ಕೊಡುತ್ತದೆ. ವಿಚಾರವಾಗಿ ಇದು ತನ್ನ ಕಾಲಕ್ಕಿಂತ ಬಹಳ ಮುಂದಿತ್ತು. ಆದರೆ ಒಂದೇ ಆಡಳಿತದ ಕೆಳಗಿರುವ ಸಂಸ್ಥೆಗೆ ಹೊಂದುತ್ತಿದ್ದ ಈ ವ್ಯವಸ್ಥೆ, ಹೆಲ್ಸಿಂಕಿಯ ಒಬ್ಬ ವಿದ್ಯಾರ್ಥಿ ಬಾಸ್ಟನ್ನಿನ ಒಂದು ಯಂತ್ರಕ್ಕೆ ಹೋಗುವ ಸಂದರ್ಭಕ್ಕೆ ಹೊಂದುತ್ತಿರಲಿಲ್ಲ. ಬೆಲ್‌ಕೋರ್ ಸಂಸ್ಥೆಯ ಎಸ್‌ಕೀ ಇನ್ನೊಂದು ಯತ್ನ. ಪ್ರತಿ ಸಲವೂ ಹೊಸ ಪಾಸ್‌ವರ್ಡ್ ಕೊಡುವ ಅದು ಮನುಷ್ಯರಿಗೆ ಸರಿ. ರಾತ್ರಿಯ ಬ್ಯಾಕಪ್ಪಿಗೆ ಚೀಟಿ ನೋಡಿ ಪಾಸ್‌ವರ್ಡ್ ಒತ್ತುವವರು ಯಾರು? ಬಹುತೇಕ ಕಡೆ ಆರ್‌ಹೋಸ್ಟ್ಸ್ ಹಾಗೇ ಉಳಿಯಿತು. ಬದಲಿಗೆ ಏನು ಬಳಸಬೇಕೆಂದು ತಿಳಿಯದಿದ್ದಾಗ ತಪ್ಪೆಂದು ಗೊತ್ತಿರುವುದನ್ನೂ ಜನ ಬಳಸುತ್ತಲೇ ಇರುತ್ತಾರೆ.

1994 ಈ ಉದಾಸೀನಕ್ಕೆ ಬೆಲೆ ತೆತ್ತ ವರ್ಷ. ಫೆಬ್ರುವರಿ 3ರಂದು ಸರ್ಟ್ ಹೊರಡಿಸಿದ ಎಚ್ಚರಿಕೆಯ ಪ್ರಕಾರ ದಾಳಿಕೋರರು ಜಾಲದ ಆಯಕಟ್ಟಿನ ಯಂತ್ರಗಳಲ್ಲಿ ಸ್ನಿಫರ್ ಎಂಬ ಕದ್ದು ಕೇಳುವ ಪ್ರೋಗ್ರಾಮ್ ಕೂರಿಸಿ, ಹತ್ತಾರು ಸಾವಿರ ಯಂತ್ರಗಳ ಪಾಸ್‌ವರ್ಡುಗಳನ್ನು ಸಂಗ್ರಹಿಸಿದ್ದರು. ಟೆಲ್‌ನೆಟ್, ಎಫ್‌ಟಿಪಿ, ಆರ್‌ಲಾಗಿನ್ ಮೂರರಲ್ಲೂ ಪಾಸ್‌ವರ್ಡ್ ಕೇಳಿದಾಗ ಅದು ಬರಿಗಣ್ಣಿಗೆ ಕಾಣುವಂತೆ ಹರಿಯುತ್ತಿದ್ದುದರಿಂದ ಸ್ನಿಫರಿಗೆ ಬೇರೆ ಜಾಣತನ ಬೇಕಿರಲಿಲ್ಲ. ಅದೇ ವರ್ಷ ಕ್ರಿಸ್ಮಸ್ ದಿನ ಸ್ಯಾನ್ ಡಿಯೇಗೊದಲ್ಲಿದ್ದ ತ್ಸುತೋಮು ಶಿಮೊಮುರಾ ಎಂಬ ಭದ್ರತಾ ತಜ್ಞರ ಯಂತ್ರಗಳ ಮೇಲೆ ದಾಳಿ ನಡೆಯಿತು. ದಾಳಿಕೋರ ಮೊದಲು ನಂಬಿಕಸ್ಥ ಸರ್ವರಿಗೆ ಅರೆಬರೆ ಸಂಪರ್ಕಗಳ ಸುರಿಮಳೆ ಸುರಿಸಿ ಅದರ ಬಾಯಿ ಕಟ್ಟಿದ. ಗುರಿಯಾಗಿದ್ದ ಯಂತ್ರಕ್ಕೆ ಹಲವು ಸಲ ಸಂಪರ್ಕ ಬೆಳೆಸಿ ಕ್ರಮಸಂಖ್ಯೆ ಪ್ರತಿ ಸಲವೂ 1,28,000ದಷ್ಟೇ ಏರುವುದನ್ನು ಕಂಡುಕೊಂಡ. ಆಮೇಲೆ ಸರ್ವರಿನ ವಿಳಾಸದಿಂದ ಆರ್‌ಎಸ್‌ಎಚ್ ಮೂಲಕ ಒಂದೇ ಆಜ್ಞೆ: ರೂಟಿನ ಆರ್‌ಹೋಸ್ಟ್ಸ್ ಕಡತಕ್ಕೆ ಎರಡು ಅಧಿಕ ಚಿಹ್ನೆ ಸೇರಿಸು. ಎಲ್ಲಿಂದಲೇ ಆಗಲಿ, ಯಾರೇ ಬರಲಿ, ಬಾಗಿಲು ತೆರೆ ಎಂಬ ಅರ್ಥದ ಎರಡು ಚಿಹ್ನೆ. 1985ರ ವರದಿಯಲ್ಲಿ ಇದ್ದದ್ದು ಹತ್ತು ವರ್ಷದ ನಂತರ ಅಕ್ಷರಶಃ ನಡೆದುಹೋಯಿತು. ಈ ದಾಳಿಯ ಜೊತೆ ಹೆಸರು ಬೆಸೆದುಕೊಂಡ ಕೆವಿನ್ ಮಿಟ್ನಿಕ್ 1995ರ ಫೆಬ್ರುವರಿಯಲ್ಲಿ ನಾರ್ತ್ ಕ್ಯಾರೊಲೈನಾದ ರಾಲೀಯಲ್ಲಿ ಸೆರೆಯಾದ.

1995ರ ಆರಂಭದಲ್ಲೇ ಫಿನ್ಲೆಂಡಿನಲ್ಲಿ ಇನ್ನೊಂದು ಸ್ನಿಫರ್ ಸಿಕ್ಕಿತು. ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಅಡಗಿದ್ದ ಅದರೊಳಗೆ ಸಾವಿರಾರು ಹೆಸರು, ಪಾಸ್‌ವರ್ಡುಗಳು ಕಂಡುಬಂದವು. ಅಲ್ಲಿನ ಸಂಶೋಧಕ ತಾತು ಯ್ಲೋನೆನ್ ಇದನ್ನು ನೋಡಿ ಸುಮ್ಮನೆ ಕೂರಲಿಲ್ಲ. ಕೆಲವೇ ತಿಂಗಳಲ್ಲಿ ಅವರು ಬರೆದು ಮುಗಿಸಿದ ಪ್ರೋಗ್ರಾಮಿನ ಹೆಸರು ಸೆಕ್ಯೂರ್ ಶೆಲ್, ಚಿಕ್ಕದಾಗಿ ಎಸ್‌ಎಸ್‌ಎಚ್. 1995ರ ಜುಲೈನಲ್ಲಿ ಬಿಡುಗಡೆಗೆ ಮುನ್ನ ಅವರು ಪೋರ್ಟ್ ಸಂಖ್ಯೆಗಳನ್ನು ಹಂಚುವ ಐಯಾನಾ ಕಚೇರಿಗೆ ಇಮೇಲ್ ಬರೆದು, 21ರ ಎಫ್‌ಟಿಪಿಗೂ 23ರ ಟೆಲ್‌ನೆಟ್ಟಿಗೂ ನಡುವೆ ಖಾಲಿಯಿದ್ದ 22ನ್ನು ಕೇಳಿದರು. ಮರುದಿನವೇ ಆ ಸಂಖ್ಯೆ ಸಿಕ್ಕಿತು. ವರ್ಷ ಮುಗಿಯುವಷ್ಟರಲ್ಲಿ 50 ದೇಶಗಳಲ್ಲಿ ಸುಮಾರು 20,000 ಜನ ಎಸ್‌ಎಸ್‌ಎಚ್ ಬಳಸುತ್ತಿದ್ದರು.

ಇಷ್ಟು ಬೇಗ ಹರಡಲು ಗೂಢಲಿಪಿಯ ಬಲವೊಂದೇ ಕಾರಣವಲ್ಲ. ಯ್ಲೋನೆನ್ ಹಳೆಯ ಅಭ್ಯಾಸವನ್ನು ಮುರಿಯದೆ ಉಳಿಸಿಕೊಂಡರು. ಆರ್‌ಎಸ್‌ಎಚ್ ಬರೆದ ಜಾಗದಲ್ಲಿ ಎಸ್‌ಎಸ್‌ಎಚ್, ಆರ್‌ಸಿಪಿ ಬರೆದ ಜಾಗದಲ್ಲಿ ಎಸ್‌ಸಿಪಿ ಎಂದು ತಿದ್ದಿದರೆ ಹಳೆಯ ಸ್ಕ್ರಿಪ್ಟುಗಳು ಹೆಚ್ಚುಕಡಿಮೆ ಹಾಗೆಯೇ ನಡೆಯುತ್ತಿದ್ದವು. ಆಡಳಿತಗಾರರು ಹತ್ತು ವರ್ಷದಿಂದ ಕಟ್ಟಿಕೊಂಡಿದ್ದ ಸ್ವಯಂಚಾಲಿತ ಕೆಲಸಗಳ ಲೋಕವೇ ಹೀಗೆ ಹೊಸ ತಳಹದಿಗೆ ದಾಟಿತು. ಕರ್ಬರೋಸ್ ಮಾಡಲಾಗದ್ದನ್ನು ಎಸ್‌ಎಸ್‌ಎಚ್ ಮಾಡಿದ್ದು ಇಲ್ಲಿ: ಯಾವ ಕೇಂದ್ರದ ಅಪ್ಪಣೆಯೂ ಬೇಕಿಲ್ಲ, ಎರಡು ಯಂತ್ರಗಳ ಒಡೆಯರು ಒಪ್ಪಿದರೆ ಸಾಕು.

ಒಳಗಿನ ಕೆಲಸ ಹೀಗೆ. ಪ್ರತಿ ಸರ್ವರಿಗೂ ಒಂದು ಜೋಡಿ ಕೀಲಿ ಇರುತ್ತದೆ. ಒಂದು ಖಾಸಗಿ, ಇನ್ನೊಂದು ಎಲ್ಲರಿಗೂ ತೋರಿಸಬಹುದಾದ ಸಾರ್ವಜನಿಕ ಕೀಲಿ. ಸಂಪರ್ಕಿಸುವ ಯಂತ್ರ ಮೊದಲ ಸಲ ಸರ್ವರಿನ ಸಾರ್ವಜನಿಕ ಕೀಲಿಯನ್ನು ನೋನ್ ಹೋಸ್ಟ್ಸ್ ಎಂಬ ಕಡತದಲ್ಲಿ ಬರೆದುಕೊಳ್ಳುತ್ತದೆ, ಮುಂದೆ ಅದು ಬದಲಾದರೆ ಜೋರಾಗಿ ಎಚ್ಚರಿಸುತ್ತದೆ. ಎರಡೂ ಕಡೆ ಒಂದು ತಾತ್ಕಾಲಿಕ ಗುಟ್ಟನ್ನು ಒಪ್ಪಿಕೊಂಡ ಮೇಲೆ ಹರಿಯುವ ಪ್ರತಿ ಅಕ್ಷರವೂ ಗೂಢಲಿಪಿಯಲ್ಲಿರುತ್ತದೆ. ಬಳಕೆದಾರನೂ ಪಾಸ್‌ವರ್ಡಿನ ಬದಲು ತನ್ನದೇ ಕೀಲಿಜೋಡಿ ಬಳಸಬಹುದು. ಸಾರ್ವಜನಿಕ ಕೀಲಿ ಸರ್ವರಿನ ಆಥರೈಸ್ಡ್ ಕೀಸ್ ಕಡತದಲ್ಲಿ ಕೂರುತ್ತದೆ. ಖಾಸಗಿ ಕೀಲಿ ತನ್ನ ಯಂತ್ರ ಬಿಟ್ಟು ಹೊರಹೋಗುವುದಿಲ್ಲ. ಆ ಕೀಲಿ ತನ್ನಲ್ಲಿದೆಯೆಂಬುದನ್ನು ಗಣಿತದ ಲೆಕ್ಕವೊಂದರಿಂದ ತೋರಿಸಿದರೆ ಸಾಕು, ಕೀಲಿಯನ್ನೇ ತೋರಿಸಬೇಕಿಲ್ಲ. ಕದ್ದು ಕೇಳುವವನಿಗೆ ಇಲ್ಲಿ ಹೆಕ್ಕಿಕೊಳ್ಳಲು ಏನೂ ಉಳಿಯುವುದಿಲ್ಲ, ವಿಳಾಸ ನಕಲು ಮಾಡಿದವನಿಗೂ ಅಷ್ಟೇ. ವಿಳಾಸದ ಮೇಲಿದ್ದ ನಂಬಿಕೆ ಕೀಲಿಯ ಮೇಲೆ ಬಂತು.

ಆಗ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಎದುರಾಯಿತು. ಖಾಸಗಿ ಕೀಲಿ ಇರುವುದೂ ಒಂದು ಕಡತದಲ್ಲಿ. ಅದನ್ನು ಪಾಸ್‌ಫ್ರೇಸ್ ಹಾಕಿ ಮುಚ್ಚಿಡಬಹುದು, ಆದರೆ ನಡುರಾತ್ರಿ ಎರಡು ಗಂಟೆಗೆ ಆ ಪಾಸ್‌ಫ್ರೇಸ್ ಒತ್ತಲು ಮತ್ತೆ ಮನುಷ್ಯ ಬೇಕು. ಇದಕ್ಕೆ ಎಸ್‌ಎಸ್‌ಎಚ್ ಏಜೆಂಟ್ ಎಂಬ ಸಹಾಯಕ ಪ್ರೋಗ್ರಾಮ್ ಇದೆ. ಆಡಳಿತಗಾರ ಬೆಳಗ್ಗೆ ಒಮ್ಮೆ ಪಾಸ್‌ಫ್ರೇಸ್ ಕೊಟ್ಟರೆ ಬಿಚ್ಚಿದ ಕೀಲಿಯನ್ನು ಅದು ಮೆಮೊರಿಯಲ್ಲಿ ಇಟ್ಟುಕೊಂಡು ಸ್ಕ್ರಿಪ್ಟುಗಳ ಪರವಾಗಿ ಸಹಿ ಹಾಕುತ್ತದೆ. ಕರೆಂಟು ಹೋಗಿ ಯಂತ್ರ ಮತ್ತೆ ಶುರುವಾದರೆ ಮನುಷ್ಯ ಬರುವ ತನಕ ಕೆಲಸ ನಿಂತಿರುತ್ತದೆ. ಕೆಲವರು ಈ ನಿಲುಗಡೆಯನ್ನು ಭದ್ರತೆಯ ಬೆಲೆಯೆಂದು ಒಪ್ಪಿಕೊಂಡರು. ಹೆಚ್ಚಿನವರು ಒಪ್ಪಲಿಲ್ಲ, ಪಾಸ್‌ಫ್ರೇಸ್ ಇಲ್ಲದ ಬೆತ್ತಲೆ ಕೀಲಿಯನ್ನೇ ಡಿಸ್ಕಿನಲ್ಲಿಟ್ಟರು.

ಆದ್ದರಿಂದ ಸ್ವಯಂಚಾಲಿತ ಲಾಗಿನ್ನಿನ ನಿಜವಾದ ರಕ್ಷಣೆ ಕೀಲಿಯನ್ನು ಬಚ್ಚಿಡುವುದರಲ್ಲಿ ಅಷ್ಟಾಗಿ ಇಲ್ಲ, ಅದರ ಅಧಿಕಾರವನ್ನು ಕತ್ತರಿಸುವುದರಲ್ಲಿದೆ. ಇದಕ್ಕೆ ಬೇಕಾದದ್ದು ಎಸ್‌ಎಸ್‌ಎಚ್‌ನಲ್ಲಿ ಬಹಳ ಮುಂಚೆಯೇ ಇತ್ತು. ಆಥರೈಸ್ಡ್ ಕೀಸ್ ಕಡತದ ಸಾಲಿನ ಆರಂಭದಲ್ಲಿ ಷರತ್ತುಗಳನ್ನು ಬರೆಯಬಹುದು: ಈ ಕೀಲಿ ಇಂಥ ವಿಳಾಸದಿಂದ ಬಂದರೆ ಮಾತ್ರ ಒಪ್ಪು, ಬಂದವನು ಏನೇ ಕೇಳಲಿ, ಈ ಒಂದು ಆಜ್ಞೆಯನ್ನಷ್ಟೇ ನಡೆಸು, ಟರ್ಮಿನಲ್ ಕೊಡಬೇಡ, ಪೋರ್ಟುಗಳನ್ನು ಮುಂದಕ್ಕೆ ಹಾಯಿಸಬೇಡ. ಬ್ಯಾಕಪ್ಪಿನ ಕೀಲಿ ಬ್ಯಾಕಪ್ ಆಜ್ಞೆಯೊಂದಕ್ಕೇ ಕಟ್ಟುಬಿದ್ದಿದ್ದರೆ, ಅದನ್ನು ಕದ್ದವನಿಗೂ ಅಷ್ಟೇ ಸಾಧ್ಯ. ಹಳೆಯ ವಿಳಾಸದ ಪರೀಕ್ಷೆ ಇಲ್ಲಿ ಮತ್ತೆ ಕಾಣಿಸುತ್ತದೆ, ಈ ಸಲ ಕೀಲಿಗೆ ಜೊತೆಗಾರನಾಗಿ ಮಾತ್ರ. ಒಂದು ಸಾಲಿನ ಈ ಕೆಲಸವನ್ನು ಎಷ್ಟು ಜನ ಮಾಡದೆ ಬಿಟ್ಟರೆಂಬುದೇ ಮುಂದಿನ ಇಪ್ಪತ್ತು ವರ್ಷದ ಕಥೆಯ ದೊಡ್ಡ ಭಾಗ.

ಯ್ಲೋನೆನ್ ಕಟ್ಟಿದ ಕಂಪನಿ ಮುಂದಿನ ಆವೃತ್ತಿಗಳ ಪರವಾನಗಿಯನ್ನು ಬಿಗಿಗೊಳಿಸಿದ್ದರಿಂದ, ಸ್ವೀಡನ್ನಿನ ಬ್ಯೋರ್ನ್ ಗ್ರೋನ್‌ವಾಲ್ ಹಳೆಯ 1.2.12 ಆವೃತ್ತಿಯನ್ನು ಹಿಡಿದು ದುರಸ್ತಿ ಆರಂಭಿಸಿದರು. ಅದನ್ನು ಕೈಗೆತ್ತಿಕೊಂಡ ಥಿಯೊ ಡಿ ರಾಡ್ಟ್ ಮತ್ತು ಓಪನ್‌ಬಿಎಸ್‌ಡಿ ತಂಡ 1999ರ ಡಿಸೆಂಬರಿನಲ್ಲಿ ಓಪನ್‌ಎಸ್‌ಎಸ್‌ಎಚ್ ಹೊರತಂದಿತು. ಯಾರು ಬೇಕಾದರೂ ಎಲ್ಲಿ ಬೇಕಾದರೂ ಬಳಸಬಹುದಾದ ಈ ರೂಪ ಲಿನಕ್ಸಿನ ಬಹುತೇಕ ಎಲ್ಲ ವಿತರಣೆಗಳಿಗೂ ಹೊಕ್ಕಿತು. ಮೊದಲ ನಿಯಮಾವಳಿಯಲ್ಲಿದ್ದ ದೋಷಗಳನ್ನು ತಿದ್ದಿದ ಎರಡನೆಯ ನಿಯಮಾವಳಿ 2006ರ ಜನವರಿಯಲ್ಲಿ ಅಧಿಕೃತ ಇಂಟರ್ನೆಟ್ ದಾಖಲೆಯಾಯಿತು. ಆರ್‌ಸಿಂಕ್ ಎಂಬ ಕಡತ ನಕಲಿನ ಸಾಧನ 2004ರ 2.6.0 ಆವೃತ್ತಿಯಿಂದ ಆರ್‌ಎಸ್‌ಎಚ್ ಬಿಟ್ಟು ಎಸ್‌ಎಸ್‌ಎಚ್ ಅನ್ನೇ ಸಹಜ ದಾರಿ ಮಾಡಿಕೊಂಡಿತು. ಆರ್ ಆಜ್ಞೆಗಳ ಯುಗ ಅಲ್ಲಿಗೆ ಮುಗಿದಂತೆಯೇ.

ದಾಳಿಗಳು ಮುಗಿಯಲಿಲ್ಲ, ದಾರಿ ಬದಲಾಯಿತು. 2003ರ ಕೊನೆಯಿಂದ 2005ರವರೆಗೆ ಸ್ಟಕಾಟೊ ಎಂಬ ಹೆಸರಿನ ಹಿಂದೆ ನಡೆದ ದಾಳಿ ಅಮೆರಿಕ, ಯೂರೋಪುಗಳ ಸಂಶೋಧನಾ ಕೇಂದ್ರಗಳನ್ನೂ ಸೂಪರ್‌ಕಂಪ್ಯೂಟರುಗಳನ್ನೂ ಒಂದಾದ ಮೇಲೊಂದು ಹೊಕ್ಕಿತು. ದಾಳಿಕೋರ ಎಸ್‌ಎಸ್‌ಎಚ್‌ನ ಗಣಿತವನ್ನು ಮುಟ್ಟಲೇ ಇಲ್ಲ. ಒಂದು ಯಂತ್ರ ವಶವಾದರೆ ಅಲ್ಲಿನ ಎಸ್‌ಎಸ್‌ಎಚ್ ಪ್ರೋಗ್ರಾಮನ್ನೇ ಬದಲಿಸಿ ಪಾಸ್‌ವರ್ಡುಗಳನ್ನು ಹಿಡಿಯುವುದು, ಅವುಗಳ ಬಲದಿಂದ ಮುಂದಿನ ಯಂತ್ರಕ್ಕೆ ಹೋಗುವುದು, ಇಷ್ಟೇ ತಂತ್ರ. ತನಿಖೆ ಕೊನೆಗೆ ಸ್ವೀಡನ್ನಿನ ಉಪ್ಸಾಲಾದ ಒಬ್ಬ ಹದಿಹರೆಯದವನ ಬಳಿ ಬಂದು ನಿಂತಿತು. ಇದೇ ಕಾಲಕ್ಕೆ ಎಂಐಟಿಯ ಸಂಶೋಧಕರು ತೋರಿಸಿದ್ದು ಇನ್ನೂ ಕಳವಳದ ಸಂಗತಿ. ಅವರು ಪರಿಶೀಲಿಸಿದ ಖಾಸಗಿ ಕೀಲಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಪಾಸ್‌ಫ್ರೇಸ್ ಇಲ್ಲದವು. ಮುಂದೆ ಎಲ್ಲಿಗೆ ಹೋಗಬಹುದೆಂಬುದನ್ನು ಪಕ್ಕದ ನೋನ್ ಹೋಸ್ಟ್ಸ್ ಕಡತವೇ ಹೇಳುತ್ತಿತ್ತು. 1988ರ ಹುಳು ಆರ್‌ಹೋಸ್ಟ್ಸ್ ಓದಿದಂತೆ ಹೊಸ ಹುಳುವೊಂದು ಇದನ್ನು ಓದಬಹುದೆಂಬ ಭಯದಿಂದ, ಆ ಕಡತದ ವಿಳಾಸಗಳನ್ನು ಗುರುತು ಸಿಗದಂತೆ ಬರೆದಿಡುವ ಸೌಲಭ್ಯ 2005ರ ಓಪನ್‌ಎಸ್‌ಎಸ್‌ಎಚ್ 4.0ರಲ್ಲಿ ಬಂತು.

2008ರ ಮೇ 13ರಂದು ಡೆಬಿಯನ್ ಲಿನಕ್ಸಿನಿಂದ ಬಂದ ಸುದ್ದಿ ಇಡೀ ವೃತ್ತಿಲೋಕವನ್ನು ಬೆಚ್ಚಿಬೀಳಿಸಿತು. ಕೀಲಿ ತಯಾರಿಸುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ ದೋಷಪತ್ತೆ ಸಾಧನವೊಂದು ಕೊಟ್ಟ ಎಚ್ಚರಿಕೆಯನ್ನು ಅಡಗಿಸಲು 2006ರಲ್ಲಿ ಎರಡು ಸಾಲುಗಳನ್ನು ತೆಗೆಯಲಾಗಿತ್ತು. ಯಾದೃಚ್ಛಿಕ ಸಂಖ್ಯೆಗೆ ಬೇಕಾದ ಸತ್ವವೆಲ್ಲ ಅವುಗಳೊಡನೆ ಹೋಗಿ, ಉಳಿದದ್ದು ಪ್ರೋಗ್ರಾಮಿನ ಪ್ರಕ್ರಿಯಾ ಸಂಖ್ಯೆಯೊಂದೇ. ಹೀಗಾಗಿ ಒಂದು ಬಗೆಯ, ಒಂದು ಅಳತೆಯ ಕೀಲಿ ತಯಾರಿಸಿದರೆ ಅದು ಸುಮಾರು 32,768 ಸಾಧ್ಯತೆಗಳಲ್ಲಿ ಒಂದು. ಅಷ್ಟನ್ನೂ ಮೊದಲೇ ತಯಾರಿಸಿಟ್ಟುಕೊಂಡು ಒಂದೊಂದಾಗಿ ಪ್ರಯತ್ನಿಸುವುದು ಮಕ್ಕಳಾಟ. ಲುಚಿಯಾನೊ ಬೆಲ್ಲೊ ಇದನ್ನು ಪತ್ತೆ ಮಾಡುವ ಹೊತ್ತಿಗೆ ಇಪ್ಪತ್ತು ತಿಂಗಳು ಕಳೆದಿತ್ತು. ಡೆಬಿಯನ್ ಬಳಸದವರೂ ಪಾರಾಗಲಿಲ್ಲ, ಏಕೆಂದರೆ ಡೆಬಿಯನ್ ಯಂತ್ರದಲ್ಲಿ ಹುಟ್ಟಿದ ಸಾರ್ವಜನಿಕ ಕೀಲಿ ಅವರ ಸರ್ವರಿನ ಆಥರೈಸ್ಡ್ ಕೀಸ್ ಕಡತದಲ್ಲಿ ಕುಳಿತಿರಬಹುದು. ಎಲ್ಲಿ ಯಾರ ಕೀಲಿ ಇದೆಯೆಂಬ ಲೆಕ್ಕವೇ ಬಹುಪಾಲು ಸಂಸ್ಥೆಗಳಲ್ಲಿ ಇರಲಿಲ್ಲವೆಂಬುದು ಆಗ ಬಯಲಾಯಿತು.

ಸ್ವಯಂಚಾಲಿತ ಲಾಗಿನ್ನಿನ ಅಪಾಯವನ್ನು ಒಂದೇ ಘಟನೆಯಲ್ಲಿ ಕಾಣಬೇಕೆಂದರೆ 2009ರ ಆಗಸ್ಟ್ 28ರ ಅಪಾಚೆ ಪ್ರಕರಣವನ್ನು ನೋಡಬೇಕು. ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ನಿನ ಸಮ್ಮೇಳನದ ವೆಬ್‌ಸೈಟ್ ಹೊರಗಿನ ಹೋಸ್ಟಿಂಗ್ ಕಂಪನಿಯೊಂದರ ಯಂತ್ರದಲ್ಲಿತ್ತು. ಅದರ ಬ್ಯಾಕಪ್ಪನ್ನು ಫೌಂಡೇಶನ್ನಿನ ಸ್ವಂತ ಸರ್ವರಿಗೆ ಒಯ್ಯಲು ಒಂದು ಖಾತೆ, ಅದಕ್ಕೊಂದು ಎಸ್‌ಎಸ್‌ಎಚ್ ಕೀಲಿ. ಹೊರಗಿನ ಯಂತ್ರವನ್ನು ಹೊಕ್ಕವರು ಆ ಕೀಲಿಯನ್ನೇ ಬಳಸಿ ಒಳಗಿನ ಸರ್ವರಿಗೆ ಬಂದರು. ಬ್ಯಾಕಪ್ ಖಾತೆಗೆ ವಿಶೇಷ ಅಧಿಕಾರವೇನೂ ಇರಲಿಲ್ಲ. ಆದರೂ ವೆಬ್‌ಸೈಟಿನ ಕಡತಗಳಿರುವ ಜಾಗದಲ್ಲಿ ಅವರು ತಮ್ಮ ಸ್ಕ್ರಿಪ್ಟುಗಳನ್ನು ಇಡಲು ಸಾಧ್ಯವಾಯಿತು. ಮುಂದಿನ ಕೆಲಸವನ್ನು ಮಾಡಿಕೊಟ್ಟದ್ದು ಇನ್ನೊಂದು ಸ್ವಯಂಚಾಲಿತ ವ್ಯವಸ್ಥೆ: ನಿಯಮಿತವಾಗಿ ನಡೆಯುವ ಆರ್‌ಸಿಂಕ್ ಅವನ್ನು ಸಾರ್ವಜನಿಕ ವೆಬ್ ಸರ್ವರುಗಳಿಗೆ ತಾನೇ ಒಯ್ದು ಮುಟ್ಟಿಸಿತು. ಅಪರಿಚಿತ ಪ್ರಕ್ರಿಯೆಗಳು ಕಣ್ಣಿಗೆ ಬಿದ್ದ ಕೂಡಲೇ ತಂಡ ಯಂತ್ರಗಳನ್ನು ನಿಲ್ಲಿಸಿತು. ನಡೆದುದನ್ನು ಮರೆಮಾಚದೆ ಪ್ರಕಟಿಸಿದ್ದು ಫೌಂಡೇಶನ್ನಿನ ಹಿರಿಮೆ. ಅದರ ಪರಿಹಾರ ಪಟ್ಟಿಯಲ್ಲಿ ಪ್ರತಿ ಬ್ಯಾಕಪ್ಪಿಗೂ ಬೇರೆ ಕೀಲಿ, ವಿಳಾಸದ ಮಿತಿ, ಆಜ್ಞೆಯ ಮಿತಿ ಇದ್ದವು. ಅಂದರೆ ಎಸ್‌ಎಸ್‌ಎಚ್‌ನಲ್ಲಿ ವರ್ಷಗಳಿಂದ ಇದ್ದ ಷರತ್ತುಗಳೇ.

ಷರತ್ತು ಬರೆಯುವುದನ್ನು ಮನುಷ್ಯರ ನೆನಪಿಗೆ ಬಿಟ್ಟರೆ ಆಗದೆಂದು ಇದರಿಂದ ಸ್ಪಷ್ಟವಾಯಿತು. 2010ರ ಮಾರ್ಚಿನ ಓಪನ್‌ಎಸ್‌ಎಸ್‌ಎಚ್ 5.4ರಲ್ಲಿ ಪ್ರಮಾಣಪತ್ರಗಳು ಬಂದವು. ಸಾವಿರ ಸರ್ವರುಗಳಲ್ಲಿ ಕೀಲಿ ಬರೆಯುವ ಬದಲು ಸಂಸ್ಥೆಯ ಒಂದು ಪ್ರಾಧಿಕಾರ ಕೀಲಿಗೆ ಸಹಿ ಹಾಕುತ್ತದೆ. ಆ ಸಹಿಯಲ್ಲೇ ಹೆಸರು, ಅವಧಿ, ಯಾವ ಆಜ್ಞೆಗೆ ಅನುಮತಿ ಎಲ್ಲವೂ ಅಡಕ. ಒಂದು ಗಂಟೆಯ ಪ್ರಮಾಣಪತ್ರ ಕದ್ದವನಿಗೆ ಒಂದು ಗಂಟೆಯ ಬಳಿಕ ಏನೂ ದಕ್ಕುವುದಿಲ್ಲ. ಕರ್ಬರೋಸಿನ ಅಲ್ಪಾವಧಿ ಟಿಕೆಟ್ಟಿನ ವಿಚಾರ ಇಪ್ಪತ್ತು ವರ್ಷದ ನಂತರ ಬೇರೆ ಬಾಗಿಲಿನಿಂದ ಒಳಬಂದಂತಾಯಿತು. 2015ರ ಅಕ್ಟೋಬರಿನಲ್ಲಿ ಅಮೆರಿಕದ ನಿಸ್ಟ್ ಸಂಸ್ಥೆ ಎಸ್‌ಎಸ್‌ಎಚ್ ಮೂಲಕ ನಡೆಯುವ ಸ್ವಯಂಚಾಲಿತ ಪ್ರವೇಶದ ನಿರ್ವಹಣೆಗೆಂದೇ ಒಂದು ಮಾರ್ಗದರ್ಶಿ ಪ್ರಕಟಿಸಿತು. ಅದರ ಬರಹಗಾರರಲ್ಲಿ ಯ್ಲೋನೆನ್ ಕೂಡ ಒಬ್ಬರು. ದೊಡ್ಡ ಸಂಸ್ಥೆಗಳಲ್ಲಿ ಲಕ್ಷಗಟ್ಟಲೆ ಕೀಲಿಗಳು ಜಮೆಯಾಗಿವೆ, ಬಹುಪಾಲು ಬಳಕೆಯಲ್ಲೇ ಇಲ್ಲ, ಅವುಗಳನ್ನು ಇಟ್ಟವರು ಕೆಲಸ ಬಿಟ್ಟುಹೋಗಿರುತ್ತಾರೆ ಎಂದು ಎಸ್‌ಎಸ್‌ಎಚ್ ಹುಟ್ಟಿಸಿದವರೇ ಆ ವರ್ಷಗಳಲ್ಲಿ ಸಾರಿ ಸಾರಿ ಹೇಳುತ್ತಿದ್ದರು. 2016ರ ಓಪನ್‌ಎಸ್‌ಎಸ್‌ಎಚ್ 7.2 ಆವೃತ್ತಿಯಲ್ಲಿ ಎಲ್ಲ ನಿರ್ಬಂಧಗಳನ್ನೂ ಒಂದೇ ಪದದಲ್ಲಿ ಹೇರುವ ಸೌಲಭ್ಯ ಸೇರಿತು. ಆದರೆ ಹಳೆಯ ದಾರಿಯೂ ಮುಚ್ಚಿರಲಿಲ್ಲ: ಅದೇ ವರ್ಷ ಮಿರಾಯ್ ಎಂಬ ಹುಳು, ಕಾರ್ಖಾನೆಯಲ್ಲಿ ಕೊಟ್ಟ ಸುಮಾರು ಅರವತ್ತು ಪಾಸ್‌ವರ್ಡುಗಳ ಪಟ್ಟಿ ಹಿಡಿದು, ಟೆಲ್‌ನೆಟ್ ಇನ್ನೂ ತೆರೆದಿಟ್ಟಿದ್ದ ಕ್ಯಾಮೆರಾ ಮತ್ತು ರೂಟರುಗಳನ್ನು ಲಕ್ಷಗಟ್ಟಲೆ ವಶಮಾಡಿಕೊಂಡಿತು.

ಸರ್ವರಿನ ಗುರುತಿನ ಪ್ರಶ್ನೆಯೂ ಬಗೆಹರಿದಿಲ್ಲ. ಮೊದಲ ಭೇಟಿಯಲ್ಲಿ ಕಂಡ ಕೀಲಿಯನ್ನು ನಂಬುವುದು ಮನುಷ್ಯನಿಗೆ ಒಂದು ಕ್ಷಣದ ನಿರ್ಧಾರ; ಸ್ಕ್ರಿಪ್ಟಿಗೆ ನಿರ್ಧಾರವೆಂಬುದೇ ಇಲ್ಲ. ಕೆಲಸ ಅಲ್ಲಿಗೇ ನಿಂತುಬಿಡುವುದೆಂದು ಪರೀಕ್ಷೆಯನ್ನೇ ಪೂರ್ತಿ ಆರಿಸುವ ಕೆಟ್ಟ ಅಭ್ಯಾಸ ಎಲ್ಲೆಡೆ ಬೇರುಬಿಟ್ಟಿತು. ಹೊಸ ಸರ್ವರನ್ನು ಒಪ್ಪು, ಬದಲಾದ ಕೀಲಿಯನ್ನು ಮಾತ್ರ ತಿರಸ್ಕರಿಸು ಎಂಬ ನಡುದಾರಿ 2017ರಲ್ಲಿ ಬಂತು. 2023ರ ಮಾರ್ಚ್ 24ರಂದು ಗಿಟ್‌ಹಬ್ ತನ್ನ ಆರ್‌ಎಸ್‌ಎ ಸರ್ವರ್ ಕೀಲಿಯನ್ನು ಬದಲಿಸಬೇಕಾಯಿತು. ಅದರ ಖಾಸಗಿ ಭಾಗ ಸ್ವಲ್ಪ ಹೊತ್ತು ಸಾರ್ವಜನಿಕ ಕಡತಗಳ ನಡುವೆ ಕಾಣಿಸಿಕೊಂಡಿತ್ತು. ಆ ದಿನ, ಆ ಕೀಲಿಯನ್ನೇ ನೆಚ್ಚಿ ಪರೀಕ್ಷೆಯನ್ನು ಸರಿಯಾಗಿ ಇಟ್ಟುಕೊಂಡಿದ್ದ ಸ್ವಯಂಚಾಲಿತ ಕೆಲಸಗಳು ಜಗತ್ತಿನಾದ್ಯಂತ ನಿಂತವು. ನಿಂತದ್ದೇ ಸರಿ, ಆ ಕೀಲಿಯನ್ನು ನೆಚ್ಚಿಯೂ ನಿಲ್ಲದೆ ನಡೆದವು ಎದುರಿಗಿರುವುದು ಯಾರೆಂದು ಕೇಳದೆಯೇ ನಡೆಯುತ್ತಿದ್ದವು.

2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರೋಯಿಂಡ್ ಎಂಬ ಎಂಜಿನಿಯರ್ ಬಯಲಿಗೆಳೆದ ಸಂಚು ಈ ಚರಿತ್ರೆಯಲ್ಲೇ ಅತ್ಯಂತ ತಾಳ್ಮೆಯದು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ವೇಗ ಅಳೆಯುತ್ತಿದ್ದ ಅವರಿಗೆ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿರುವುದು ಕಂಡಿತು. ಜಾಡು ಹಿಡಿದು ಹೋದರೆ ಸಿಕ್ಕಿದ್ದು ಎಕ್ಸ್‌ಜೆಡ್ ಎಂಬ ಕಡತ ಕುಗ್ಗಿಸುವ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅಡಗಿದ್ದ ಹಿಂಬಾಗಿಲು. ಕೆಲವು ಲಿನಕ್ಸ್ ವಿತರಣೆಗಳು ಎಸ್‌ಎಸ್‌ಎಚ್ ಸರ್ವರಿಗೆ ಸಿಸ್ಟಮ್‌ಡಿಯ ಲೈಬ್ರರಿ ಜೋಡಿಸುತ್ತಿದ್ದವು, ಅದರ ಬೆನ್ನಿಗೆ ಈ ಲೈಬ್ರರಿಯೂ ಒಳಬರುತ್ತಿತ್ತು. ಜಿಯಾ ತಾನ್ ಎಂಬ ಹೆಸರಿನಲ್ಲಿ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ, ಆ ಯೋಜನೆಯ ವಿಶ್ವಾಸ ಗಳಿಸಿ ಇದನ್ನು ಸೇರಿಸಿದ್ದರು. ಒಂದು ನಿರ್ದಿಷ್ಟ ಖಾಸಗಿ ಕೀಲಿ ಹೊಂದಿದವರು ಲಾಗಿನ್ನೇ ಆಗದೆ ಆಜ್ಞೆ ನಡೆಸಬಹುದಿತ್ತು. ಪ್ರಮುಖ ವಿತರಣೆಗಳ ಸ್ಥಿರ ಆವೃತ್ತಿಗಳಿಗೆ ಅದು ಮುಟ್ಟುವ ಮೊದಲೇ ಸಿಕ್ಕಿಬಿದ್ದದ್ದು ದೊಡ್ಡ ಅದೃಷ್ಟ. ಸಂಬಳವಿಲ್ಲದೆ ಲೈಬ್ರರಿ ನೋಡಿಕೊಳ್ಳುವ ಒಬ್ಬಂಟಿಗರ ಮೇಲೆ ಜಗತ್ತಿನ ಸರ್ವರುಗಳ ಭಾರ ಎಷ್ಟಿದೆಯೆಂಬುದನ್ನು ಈ ಪ್ರಕರಣದಷ್ಟು ನೋವಿನಿಂದ ಬೇರೊಂದು ಹೇಳಿಲ್ಲ.

ಗೂಢಲಿಪಿಯ ಕಡೆ ಕೆಲಸ ಮುಂದುವರಿದಿದೆ. ಕ್ವಾಂಟಮ್ ಕಂಪ್ಯೂಟರುಗಳು ಬಂದ ಮೇಲೂ ಇಂದಿನ ಸಂಭಾಷಣೆ ಗುಟ್ಟಾಗಿ ಉಳಿಯಲೆಂದು 2022ರ ಏಪ್ರಿಲಿನ ಓಪನ್‌ಎಸ್‌ಎಸ್‌ಎಚ್ 9.0 ಹೊಸ ಬಗೆಯ ಕೀಲಿ ವಿನಿಮಯವನ್ನು ಸಹಜ ಆಯ್ಕೆಯಾಗಿಸಿತು. ಬಳಕೆಯ ಕಡೆ ಕೆಲಸ ನಿಧಾನ. ಸ್ವಯಂಚಾಲಿತ ಕೆಲಸಕ್ಕೆಂದು ಪ್ರತ್ಯೇಕ ಖಾತೆ, ಪ್ರತ್ಯೇಕ ಕೀಲಿ, ಒಂದೇ ಆಜ್ಞೆಯ ಅನುಮತಿ, ಗೊತ್ತುಮಾಡಿದ ಅವಧಿ, ಇಟ್ಟವರ ಹೆಸರಿನ ದಾಖಲೆ — ಇವುಗಳಲ್ಲಿ ಯಾವುದಕ್ಕೂ ಹೊಸ ತಂತ್ರಜ್ಞಾನ ಬೇಕಿಲ್ಲ. ಸರ್ವರ್ ನೋಡಿಕೊಳ್ಳುವವರು ತಮ್ಮ ಯಂತ್ರದ ಆಥರೈಸ್ಡ್ ಕೀಸ್ ಕಡತವನ್ನು ಇಂದೇ ತೆರೆದು, ಯಾರದೆಂದು ಹೇಳಲಾಗದ ಸಾಲುಗಳನ್ನು ಅಳಿಸಿ, ಉಳಿದ ಸಾಲುಗಳ ಮುಂದೆ ಮಿತಿಯನ್ನು ಬರೆಯಬೇಕು.